ನೋಡೋದು ಬೇರೆ, ಮುಟ್ಟೋದು ಬೇರೆ

ಪುಣೆಗೆ ಬಂದು ಹನ್ನೆರಡು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ನಾನು ಕಲಿತ ಮರಾಠಿಯಲ್ಲಿ ಆಫೀಸಿನೊಳಗೆ ದಿನಾ ಕಿವಿಗೆ ಬೀಳುವುದು ‘ಬಘೂನ್ ಘೇ’ ಎಂಬ ಮಾತು. ಪದಕ್ಕೆ ಪದ ಇಟ್ಟರೆ ‘ನೋಡಿ ತಗೋ’ ಎಂದಾಗುತ್ತದೆ. ಆದರೆ ಸಂಜೆ ಆರಕ್ಕೆ ಬ್ಯಾಗು ಹೆಗಲಿಗೇರಿಸಿದ ಮ್ಯಾನೇಜರ್ ಈ ಮಾತು ಅಂದರೆ, ಏನು ಕೆಟ್ಟಿದೆ ನೋಡು, ಸರಿಮಾಡು, ಮತ್ತೆ ನನ್ನ ತನಕ ತರಬೇಡ ಎಂದು ಅರ್ಥ. ನಮ್ಮ ‘ನೋಡ್ಕೋ’ ಕೂಡ ಅಂಥದ್ದೇ. ಅವ್ವ ‘ಒಲಿ ಮ್ಯಾಲ ಹಾಲೈತಿ, ನೋಡ್ಕೋ’ ಅಂದರೆ ಹಾಲು ಉಕ್ಕುವ ಚಂದ ನೋಡುತ್ತ ನಿಲ್ಲು ಎಂದಲ್ಲ. ಇಂಗ್ಲಿಷಿನ ‘ಚೆಕ್’ ನಮ್ಮ ಆಫೀಸುಗಳಿಗೆ ಬಂದು ಇದೇ ಜಾತಿಗೆ ಸೇರಿಕೊಂಡಿದೆ. ‘ಸ್ವಲ್ಪ ಚೆಕ್ ಮಾಡಿ’ ಅನ್ನುವುದರೊಳಗೆ ಎಷ್ಟು ಕೆಲಸ ಅಡಗಿದೆಯೋ ಹೇಳಿದವರಿಗೂ ಗೊತ್ತಿರುವುದಿಲ್ಲ.

ಕಳೆದ ಮಳೆಗಾಲದ ಒಂದು ಶುಕ್ರವಾರ ರಾತ್ರಿ ಈ ಒಂದು ಪದದ ದೆಸೆಯಿಂದ 212 ಮನೆಗಳ ಔಷಧಿ ಆರ್ಡರುಗಳು ಕಾಣೆಯಾದವು. ಪದ ಇಟ್ಟವನು ನಾನು.

ನಾನು ಕೆಲಸ ಮಾಡುವ ಕಂಪನಿ ಔಷಧಿ ಅಂಗಡಿಗಳಿಗೆ ತಂತ್ರಾಂಶ ಮಾಡಿಕೊಡುತ್ತದೆ. ಜನ ಮೊಬೈಲಿನಲ್ಲಿ ಹಾಕಿದ ಆರ್ಡರು ಒಂದು ಸರದಿಯಲ್ಲಿ ಬಂದು ನಿಲ್ಲುತ್ತದೆ. ಅಲ್ಲಿಂದ ಒಂದೊಂದಾಗಿ ಎತ್ತಿಕೊಂಡು ಅಂಗಡಿಗೆ ತಲುಪಿಸುವುದು ನಮ್ಮ ಪ್ರೋಗ್ರಾಮಿನ ಕೆಲಸ. ರೇಷನ್ ಅಂಗಡಿ ಮುಂದಿನ ಪಾಳಿ ಇದ್ದಹಾಗೆ. ಆಗಾಗ ಈ ಪಾಳಿ ನಡುವೆ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡ 2019ರ ಒಂದು ರಾತ್ರಿ, ಒಳಗೆ ಯಾರು ನಿಂತಿದ್ದಾರೆ ಎಂದು ನೋಡಲು ನಾನೊಂದು ಪುಟ್ಟ ಸಾಧನ ಬರೆದೆ. ಹೆಸರು ‘ಕ್ಯೂ-ಚೆಕ್’. ಅದರ ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಸರದಿಯಲ್ಲಿ ಏನೇನಿದೆ ಎಂದು ಚೆಕ್ ಮಾಡುತ್ತದೆ.

ಅದು ನೋಡುತ್ತಿದ್ದ ಬಗೆ ಮಾತ್ರ ಒರಟು. ಸರದಿಯಿಂದ ಒಂದೊಂದೇ ಆರ್ಡರನ್ನು ಹೊರಗೆ ತೆಗೆದು, ತಾತ್ಕಾಲಿಕ ಕಡತವೊಂದರಲ್ಲಿ ಬರೆದಿಟ್ಟು, ಎಲ್ಲ ಮುಗಿದ ಮೇಲೆ ಅದೇ ಕ್ರಮದಲ್ಲಿ ವಾಪಸು ಹಾಕುತ್ತಿತ್ತು. ಡಬ್ಬಿಯಲ್ಲಿ ಎಷ್ಟು ಉಂಡಿ ಇವೆ ಎಂದು ತಿಳಿಯಲು ಎಲ್ಲವನ್ನೂ ತಾಟಿಗೆ ಸುರಿದು, ಎಣಿಸಿ, ಮತ್ತೆ ತುಂಬಿಡುವ ಹಾಗೆ. ನಡುವೆ ನಿಲ್ಲಿಸಿದರೆ ಉಂಡಿ ತಾಟಿನಲ್ಲೇ ಉಳಿಯುತ್ತವೆ. ಇದು ನಮ್ಮ ಗುಂಪಿನವರಿಗೆಲ್ಲ ಗೊತ್ತಿತ್ತು. ‘ಅದನ್ನು ಓಡಿಸಿದ ಮೇಲೆ ಮಧ್ಯೆ ಕಟ್ ಮಾಡಬೇಡ, ಚಹಾ ಕುಡಿದು ಬಾ’ ಎಂಬುದು ಹಳಬರು ಹೊಸಬರಿಗೆ ಹೇಳುತ್ತ ಬಂದ ಬಾಯಿಮಾತು. ಯಾರಾದರೂ ಮರೆತು ಕಟ್ ಮಾಡಿದರೂ ಕಡತ ಸರ್ವರಿನಲ್ಲೇ ಇರುತ್ತಿತ್ತು, ನಾನು ಬಂದು ವಾಪಸು ತುಂಬುತ್ತಿದ್ದೆ. ಹಾಗೆ ತುಂಬಿದಾಗೆಲ್ಲ ನಾಲ್ಕು ಜನ ಹೊಗಳುತ್ತಿದ್ದರು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಹೋದ ವರ್ಷ ನಮ್ಮಲ್ಲಿಗೂ ಎಐ ಏಜೆಂಟ್ ಬಂತು. ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುವ ಚಾಟ್‌ಬಾಟ್ ಬೇರೆ. ಏಜೆಂಟ್ ತಾನೇ ಆದೇಶಗಳನ್ನು ಓಡಿಸುತ್ತದೆ, ಬಂದ ಫಲಿತಾಂಶ ಓದುತ್ತದೆ, ಮುಂದೇನು ಮಾಡಬೇಕೆಂದು ನಿರ್ಧರಿಸುತ್ತದೆ. ರಾತ್ರಿ ಪಾಳಿಯಲ್ಲಿ ದೋಷ ಹುಡುಕಲು ಅದರ ಸಹಾಯ ಪಡೆಯಬಹುದು ಎಂದಾಯಿತು. ನಮ್ಮ ಸಾಧನಗಳ ಪಟ್ಟಿ, ಒಂದೊಂದು ಸಾಲಿನ ವಿವರಣೆಯ ಸಮೇತ, ಅದರ ಕೈಗೆ ಹೋಯಿತು.

ಆ ಶುಕ್ರವಾರ ಪಾಳಿಯಲ್ಲಿದ್ದವಳು ಕೊಪ್ಪಳ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ. ಮೀಟಿಂಗಿನಲ್ಲಿ ನನ್ನನ್ನು ‘ಸರ್’ ಅನ್ನುತ್ತಾಳೆ, ಕ್ಯಾಂಟೀನಿನಲ್ಲಿ ‘ಅಣ್ಣಾರ’. ರಾತ್ರಿ ಹನ್ನೊಂದರ ಸುಮಾರಿಗೆ ಸರದಿ ಬೆಳೆಯತೊಡಗಿತು. ಏಜೆಂಟ್ ‘ಮೊದಲು ಸರದಿಯಲ್ಲಿ ಏನಿದೆ ಎಂದು ಚೆಕ್ ಮಾಡುತ್ತೇನೆ’ ಎಂದು ಅನುಮತಿ ಕೇಳಿತು. ಚೆಕ್ ಮಾಡಲು ಯಾರು ಬೇಡವೆನ್ನುತ್ತಾರೆ? ಅವಳು ಒಪ್ಪಿಗೆ ಕೊಟ್ಟಳು. ಯಾವ ಆದೇಶವಾದರೂ ಎರಡು ನಿಮಿಷದೊಳಗೆ ಮುಗಿಯದಿದ್ದರೆ ಅದನ್ನು ಕೊಂದು ಮುಂದೆ ಹೋಗುವಂತೆ ಏಜೆಂಟಿಗೆ ಹೊಂದಿಸಲಾಗಿತ್ತು. ಅಂದು ಸರದಿ ಉದ್ದವಿತ್ತು, ನನ್ನ ಸಾಧನಕ್ಕೆ ನಾಲ್ಕು ನಿಮಿಷ ಬೇಕಿತ್ತು. ಎರಡನೇ ನಿಮಿಷಕ್ಕೆ ಅದು ಸತ್ತಿತು. ಹೊರತೆಗೆದಿದ್ದ 212 ಆರ್ಡರುಗಳು ತಾತ್ಕಾಲಿಕ ಕಡತದಲ್ಲಿ ಉಳಿದವು. ಆ ಕಡತ ಇದ್ದದ್ದು ಏಜೆಂಟಿನ ಕೆಲಸಕ್ಕೆಂದು ಎಬ್ಬಿಸಿದ ಕಂಟೇನರಿನಲ್ಲಿ. ಕೆಲಸ ಮುಗಿದ ಕೂಡಲೇ ಅದನ್ನು ಕೆಡವಿಹಾಕುತ್ತಾರೆ.

ಏಜೆಂಟ್ ಮತ್ತೊಮ್ಮೆ ಚೆಕ್ ಮಾಡಿತು. ಈ ಸಲ ಸರದಿ ಚಿಕ್ಕದಾಗಿತ್ತು, ಬೇಗ ಮುಗಿಯಿತು. ‘ಸರದಿ ಕರಗುತ್ತಿದೆ, ಸಮಸ್ಯೆ ತಾನಾಗಿಯೇ ಪರಿಹಾರವಾಗುತ್ತಿರುವಂತಿದೆ’ ಎಂದು ಅಚ್ಚುಕಟ್ಟಾದ ವರದಿ ಬರೆಯಿತು. ಅವಳು ನೆಮ್ಮದಿಯಿಂದ ಮಲಗಿದಳು.

ಶನಿವಾರ ಬೆಳಿಗ್ಗೆ ಅಂಗಡಿಗಳಿಂದ ಫೋನು ಶುರುವಾದವು. ಕಾಣೆಯಾದವುಗಳಲ್ಲಿ ಇನ್ಸುಲಿನ್ ಆರ್ಡರುಗಳೂ ಇದ್ದವು. ಮೊಬೈಲ್ ಆ್ಯಪಿನ ಕಡೆಯ ಲಾಗುಗಳನ್ನು ಹೆಕ್ಕಿ, ತಲುಪಿದವನ್ನು ಕಳೆದು, ಉಳಿದವನ್ನು ಮತ್ತೆ ಸೇರಿಸುವ ಹೊತ್ತಿಗೆ ಸಂಜೆಯಾಗಿತ್ತು. ತಡವಾಯಿತೇ ಹೊರತು ಯಾರಿಗೂ ಏನೂ ಆಗಲಿಲ್ಲ ಎಂದು ಅಂಗಡಿಯವರು ಹೇಳಿದ ಮೇಲೆಯೇ ನಾವು ಊಟ ಮಾಡಿದ್ದು.

ಸೋಮವಾರದ ಮೀಟಿಂಗಿನಲ್ಲಿ ‘ಇದಕ್ಕೆ ಅನುಮತಿ ಕೊಟ್ಟವರು ಯಾರು?’ ಎಂಬ ಪ್ರಶ್ನೆ ಬಂತು. ‘ನಾನು ಸರ್’ ಎಂದು ಅವಳು ಹೇಳಿದಳು. ‘ಆ ಸಾಧನ ಏನು ಮಾಡುತ್ತದೆ ಎಂದು ಗೊತ್ತಿರಲಿಲ್ಲವೇ?’ ಎಂದು ಮತ್ತೊಬ್ಬರು ಕೇಳಿದರು. ಅವಳು ಸುಮ್ಮನಿದ್ದಳು. ನನ್ನ ಮೈಕು ಮ್ಯೂಟಿನಲ್ಲಿತ್ತು. ತೆಗೆಯಲು ಒಂದು ಬೆರಳು ಸಾಕಿತ್ತು, ನಾನು ತೆಗೆಯಲಿಲ್ಲ. ವರದಿಯಲ್ಲಿ ಕಾರಣ ಎಂಬಲ್ಲಿ ‘ಸಾಧನದ ತಪ್ಪು ಬಳಕೆ’ ಎಂದು ಬರೆದರು. ಮುಂದಿನ ಕ್ರಮ ಎಂಬಲ್ಲಿ ನನ್ನ ಹೆಸರಿತ್ತು: ದೋಷ ಹುಡುಕುವ ಹದಿನಾಲ್ಕು ಸಾಧನಗಳಿಗೂ ಏಜೆಂಟಿಗೆ ಅರ್ಥವಾಗುವ ಹಾಗೆ ಸ್ಪಷ್ಟ ಕೈಪಿಡಿ ಬರೆಯುವುದು.

ಅಂದು ರಾತ್ರಿ ಊರಿಗೆ ಫೋನು ಮಾಡಿದೆ. ನಮ್ಮಪ್ಪ ಹಾವೇರಿ ಜಿಲ್ಲೆಯಲ್ಲಿ ಲೈನ್‌ಮ್ಯಾನ್ ಆಗಿದ್ದವರು. ಕೆಇಬಿ ಕಾಲದಲ್ಲಿ ಸೇರಿ, 1999ರಲ್ಲಿ ಅದು ಕೆಪಿಟಿಸಿಎಲ್ ಆದದ್ದನ್ನೂ 2002ರಲ್ಲಿ ನಮ್ಮ ಕಡೆಗೆ ಹೆಸ್ಕಾಂ ಬಂದದ್ದನ್ನೂ ನೋಡಿ ನಿವೃತ್ತರಾದವರು. ಕಂಪ್ಯೂಟರ್ ವಿಷಯ ಅವರಿಗೆ ಹೇಳುವಾಗ ನಾನು ಯಾವಾಗಲೂ ಕರೆಂಟಿನ ಹೋಲಿಕೆ ಹುಡುಕುತ್ತೇನೆ. ಈ ಸಲ ಹುಡುಕುವ ಮುಂಚೆಯೇ ಅವರು ಕೇಳಿದರು:

‘ಎಲ್‌ಸಿ ತಗೊಂಡಿರ್ಲಿಲ್ಲೇನು?’

ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿಗೆ ಹೇಳಿ ಆ ಫೀಡರ್ ಬಂದ್ ಮಾಡಿಸಬೇಕು. ಯಾರು ತಗೊಂಡರು, ಯಾವ ಲೈನು, ಎಷ್ಟು ಹೊತ್ತಿಗೆ ಎಂದು ಬರೆಯಬೇಕು. ಕೆಲಸ ಮುಗಿದ ಮೇಲೆ ಎಲ್‌ಸಿ ತಗೊಂಡವನೇ ವಾಪಸು ಕೊಡಬೇಕು. ಆಮೇಲೆಯೇ ಲೈನ್ ಚಾರ್ಜ್. ಅಪ್ಪನ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿದ್ದ ಸಣ್ಣ ಡೈರಿ ನನಗೆ ನೆನಪಾಯಿತು.

‘ಕಾಗದ ಇದ್ರ ಸಾಕಾಗ್ತಿತ್ತೇನಪ್ಪಾ?’ ಎಂದೆ.

‘ಬರೇ ಕಾಗದ ನಂಬಿ ಕಂಬ ಏರಿದವ್ರು ಅದಾರ. ಎಲ್ಲಾರೂ ಇಳಿದಿಲ್ಲ’ ಎಂದರು ಅಪ್ಪ. ‘ಕಾಗದ ತಗೋಬೇಕು. ಆಮ್ಯಾಲ ಲೈನ್ ಸತ್ತೈತೇನಂತ ಟೆಸ್ಟ್ ಮಾಡಬೇಕು. ಆಮ್ಯಾಲ ಅರ್ತ್ ಮಾಡಬೇಕು. ಟೆಸ್ಟರ್‌ನೂ ಮೊದ್ಲ ಜೀವಂತ ಲೈನಿಗೆ ಹಿಡದು ನೋಡಬೇಕು. ದೀಪ ಹತ್ತಲಿಲ್ಲಂದ್ರ ಕರೆಂಟ್ ಇಲ್ಲಂತನೂ ಆಗಬಹುದು, ಟೆಸ್ಟರ್ ಕೆಟ್ಟೈತಂತನೂ ಆಗಬಹುದು. ನೋಡೋದು ಬ್ಯಾರೆ, ಮುಟ್ಟೋದು ಬ್ಯಾರೆ. ನೀ ಎರಡಕ್ಕೂ ಒಂದ ಹೆಸ್ರಿಟ್ಟಿ.’

ಮುಂದಿನ ಆರು ವಾರ ನಾನು ಬರೆದದ್ದೆಲ್ಲ ಈ ಮಾತುಗಳ ವಿಸ್ತರಣೆಯೇ.

ಮೊದಲ ಕರಡು ಕೆಟ್ಟದಾಗಿತ್ತು. ‘ಕ್ಯೂ-ಚೆಕ್’ ಹುಟ್ಟಿದ ಕತೆ, ಅದರೊಳಗಿನ ಜಾಣತನ, ಎಲ್ಲವನ್ನೂ ಮೂರು ಪುಟ ಬರೆದು, ಕೊನೆಯಲ್ಲಿ ‘ಸರದಿ ದೊಡ್ಡದಿದ್ದರೆ ಎಚ್ಚರಿಕೆಯಿಂದ ಬಳಸಿ’ ಎಂದು ಸೇರಿಸಿದ್ದೆ. ನಿಜವಾದ ಗ್ರಾಹಕರಿಲ್ಲದ ಪರೀಕ್ಷಾ ವ್ಯವಸ್ಥೆಯಲ್ಲಿ ಬೇಕೆಂದೇ ಒಂದು ದೋಷ ಇಟ್ಟು, ಕೈಪಿಡಿಯನ್ನು ಏಜೆಂಟಿಗೆ ಕೊಟ್ಟು ನೋಡಿದೆ. ಅದು ತನ್ನ ಯೋಜನೆಯಲ್ಲಿ ‘ಎಚ್ಚರಿಕೆಯಿಂದ ಕ್ಯೂ-ಚೆಕ್ ಓಡಿಸುತ್ತೇನೆ’ ಎಂದು ಬರೆದು, ಅದೇ ಆದೇಶವನ್ನು ಹಾಗೆಯೇ ಓಡಿಸಿತು. ನಗು ಬಂತು, ಆಮೇಲೆ ನಾಚಿಕೆಯಾಯಿತು. ಎಚ್ಚರಿಕೆ ಎಂದರೆ ಏನು ಮಾಡಬೇಕು ಎಂದು ನಾನು ಹೇಳಿರಲೇ ಇಲ್ಲ. ಮನುಷ್ಯನಾಗಿದ್ದರೆ ಆ ಪದ ಓದಿ ಕೈ ತಡೆದು, ‘ಏನ್ ಸರ್ ಇದು?’ ಎಂದು ನನ್ನ ಟೇಬಲ್ಲಿಗೆ ಬರುತ್ತಿದ್ದ. ಏಜೆಂಟಿಗೆ ನನ್ನ ಟೇಬಲ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬರೆದದ್ದಷ್ಟೇ. ಬರೆಯದೇ ಬಿಟ್ಟ ಜಾಗವನ್ನು ತನಗೆ ತೋಚಿದ್ದರಿಂದ ತುಂಬಿಕೊಳ್ಳುತ್ತದೆ.

ಎರಡನೇ ಕರಡಿನಲ್ಲಿ ಆ ವಾಕ್ಯ ಹೀಗಾಯಿತು: ಮೊದಲು ಸರದಿಯ ಉದ್ದ ಕೇಳು, ಅದಕ್ಕೆ ಬೇರೆ ಆದೇಶವಿದೆ, ಅದು ಏನನ್ನೂ ಮುಟ್ಟುವುದಿಲ್ಲ. ಐವತ್ತಕ್ಕಿಂತ ಹೆಚ್ಚಿದ್ದರೆ ಇದನ್ನು ಓಡಿಸಬೇಡ, ಪಾಳಿಯಲ್ಲಿರುವವರನ್ನು ಕರೆ. ಏಕೆಂದರೆ ಇದು ಆರ್ಡರುಗಳನ್ನು ಹೊರತೆಗೆದು ವಾಪಸು ಹಾಕುತ್ತದೆ. ನಡುವೆ ನಿಂತರೆ ಅವು ಕಳೆದುಹೋಗುತ್ತವೆ. ‘ಮಾಡಬೇಡ’ ಎಂದರೆ ಸಾಲದು, ಬದಲಿಗೆ ಏನು ಮಾಡಬೇಕು ಮತ್ತು ಏಕೆ ಎಂಬುದೂ ಬೇಕು. ಕಾರಣ ಗೊತ್ತಿದ್ದರೆ ನಾನು ಊಹಿಸದ ಸಂದರ್ಭ ಬಂದಾಗಲೂ ಅದು ಸರಿದಾರಿ ಹಿಡಿಯುವ ಸಾಧ್ಯತೆ ಹೆಚ್ಚು ಎಂಬುದನ್ನು ಹತ್ತಾರು ಪ್ರಯೋಗಗಳಲ್ಲಿ ಕಂಡೆ.

ಆಮೇಲೆ ಹದಿನಾಲ್ಕಕ್ಕೂ ಒಂದೇ ಅಚ್ಚು ಮಾಡಿಕೊಂಡೆ. ಮೊದಲ ಸಾಲಿನಲ್ಲೇ ಇದು ನೋಡುವ ಸಾಧನವೋ ಮುಟ್ಟುವ ಸಾಧನವೋ ಎಂದು ಬರೆಯುವುದು. ಇದನ್ನು ನಿರ್ಧರಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಜಿಡಿಬಿ ಎಂಬ ಹಳೆಯ ಡಿಬಗರ್ ಇದೆ. ಓಡುತ್ತಿರುವ ಪ್ರೋಗ್ರಾಮಿಗೆ ಅದನ್ನು ಅಂಟಿಸಿ ಒಳಗೇನು ನಡೆದಿದೆ ಎಂದು ನೋಡಬಹುದು. ನೋಡುವ ಸಾಧನವೆಂದೇ ಎಲ್ಲರೂ ತಿಳಿದಿದ್ದೇವೆ. ಆದರೆ ಅಂಟಿಸಿದ ಕ್ಷಣದಲ್ಲಿ ಆ ಪ್ರೋಗ್ರಾಮು ನಿಂತುಬಿಡುತ್ತದೆ, ಮುಂದುವರಿ ಎನ್ನುವ ತನಕ ಅಥವಾ ಜಿಡಿಬಿ ಬಿಟ್ಟುಹೋಗುವ ತನಕ ಕದಲುವುದಿಲ್ಲ. ನಾಡಿ ನೋಡಲು ಕೈ ಹಿಡಿದರೆ ರೋಗಿಯ ಉಸಿರೇ ನಿಂತ ಹಾಗೆ. ಜಾವಾದ ಜೆಮ್ಯಾಪ್ ಸಾಧನಕ್ಕೆ ‘ಜೀವಂತ ವಸ್ತುಗಳನ್ನಷ್ಟೇ ಎಣಿಸು’ ಎಂದರೆ ಅದು ಮೊದಲು ಮೆಮೊರಿಯ ಕಸವನ್ನೆಲ್ಲ ಗುಡಿಸುತ್ತದೆ. ದೊಡ್ಡ ವ್ಯವಸ್ಥೆಯಲ್ಲಿ ಆ ಗುಡಿಸುವಿಕೆಗೆ ಎಲ್ಲರೂ ಕಾಯಬೇಕಾಗುತ್ತದೆ. ಇವನ್ನು ಬಳಸುವ ನಮ್ಮ ಸಾಧನಗಳಿಗೆಲ್ಲ ‘ನೋಡುತ್ತದೆ, ಆದರೆ ನೋಡುವಷ್ಟು ಹೊತ್ತು ಕೆಲಸ ನಿಲ್ಲುತ್ತದೆ’ ಎಂದು ಬರೆದೆ.

ಎರಡನೆಯ ಸಾಲು ಸಮಯದ್ದು: ಎಷ್ಟು ಹೊತ್ತು ಹಿಡಿಯುತ್ತದೆ, ನಡುವೆ ಕೊಂದರೆ ಏನಾಗುತ್ತದೆ, ತಾನಾಗಿ ಮುಗಿಯುತ್ತದೆಯೇ. ಲಾಗುಗಳನ್ನು ಹಿಂಬಾಲಿಸುವ ಆದೇಶ ಎಂದೂ ಮುಗಿಯುವುದಿಲ್ಲ. ನಾವು ಕಣ್ಣಾಡಿಸಿ ಸಾಕೆನಿಸಿದಾಗ ನಿಲ್ಲಿಸುತ್ತೇವೆ. ಏಜೆಂಟ್ ಅದರ ಮುಂದೆ ಕಾಯುತ್ತಾ ಕೂರಬಹುದು. ಜರ್ನಲ್‌ಸಿಟಿಎಲ್ ಪರದೆ ತುಂಬಿದ ಮೇಲೆ ಒಂದು ಗುಂಡಿ ಒತ್ತಲಿ ಎಂದು ಕಾಯುವುದೂ ಹೀಗೆಯೇ. ಹಾಗೆ ಕಾಯದಂತೆ ಓಡಿಸಲು ‘ನೋ ಪೇಜರ್’ ಎಂಬ ಆಯ್ಕೆ ಇದೆ. ಬೆರಳಿಗೆ ರೂಢಿಯಾದದ್ದನ್ನು ಬಾಯಿ ಹೇಳುವುದು ಮರೆತಿರುತ್ತದೆ.

ಮೂರನೆಯದು ಅಪ್ಪನ ಟೆಸ್ಟರ್. ಸಾಧನ ಏನೂ ತೋರಿಸದಿದ್ದರೆ ಏನರ್ಥ? ಗ್ರೆಪ್ ಎಂಬ ಹುಡುಕುವ ಆದೇಶದಲ್ಲಿ ಈ ವಿವೇಕ ದಶಕಗಳಿಂದ ಇದೆ: ಹುಡುಕಿದ್ದು ಸಿಕ್ಕರೆ 0, ಸಿಗದಿದ್ದರೆ 1, ಹುಡುಕುವುದರಲ್ಲೇ ತೊಂದರೆಯಾದರೆ 2 ಎಂಬ ಸಂಕೇತ ಕೊಡುತ್ತದೆ. ನನ್ನ ಸಾಧನಗಳು ಮಾತ್ರ ದೋಷವಿಲ್ಲದಿದ್ದರೂ ಖಾಲಿ, ಸರ್ವರ್ ಸಂಪರ್ಕ ತಪ್ಪಿದರೂ ಖಾಲಿ. ಆ ರಾತ್ರಿ ಏಜೆಂಟ್ ‘ಸರದಿ ಕರಗುತ್ತಿದೆ’ ಎಂದದ್ದು ಇದೇ ಜಾತಿಯ ತಪ್ಪು. ಕಡಿಮೆಯಾದ ಸಂಖ್ಯೆಗೆ ಎರಡು ಅರ್ಥವಿತ್ತು, ಒಂದನ್ನಷ್ಟೇ ಊಹಿಸುವಷ್ಟು ಮಾಹಿತಿ ನಾನು ಕೊಟ್ಟಿದ್ದೆ. ಈಗ ಪ್ರತಿ ಸಾಧನದ ಕೈಪಿಡಿಯಲ್ಲೂ ಮೂರು ಮಾದರಿ ಫಲಿತಾಂಶಗಳಿವೆ: ಎಲ್ಲ ಸರಿಯಿದ್ದಾಗ, ದೋಷವಿದ್ದಾಗ, ಸಾಧನವೇ ಸೋತಾಗ. ಸಮಯ ತೋರಿಸುವ ಕಡೆಯೆಲ್ಲ ಅದು ಯಾವ ದೇಶದ ಗಡಿಯಾರ ಎಂದು ಬರೆದಿದೆ. ಸರ್ವರಿನ ಯುಟಿಸಿಗೂ ನಮ್ಮ ಗೋಡೆ ಗಡಿಯಾರಕ್ಕೂ ಐದೂವರೆ ಗಂಟೆ ಅಂತರ. ರಾತ್ರಿ ಹನ್ನೊಂದರ ದೋಷಕ್ಕೆ ಮರುದಿನ ನಸುಕಿನ ನಾಲ್ಕೂವರೆಯ ಲಾಗು ಓದಿ ನಾವೂ ಮೋಸಹೋದದ್ದುಂಟು.

ಇಷ್ಟೆಲ್ಲ ಬರೆದ ಮೇಲೂ ಅಪ್ಪನ ಮಾತು ಬಿಡಲಿಲ್ಲ: ಬರೇ ಕಾಗದ ನಂಬಿ ಕಂಬ ಏರಬಾರದು. ಕೈಪಿಡಿ ಬೀಗವಲ್ಲ. ಓದಿಯೂ ತಪ್ಪಬಹುದು. ಹಾಗಾಗಿ ಸಾಧನವನ್ನೇ ಒಡೆದು ಎರಡು ಮಾಡಿದೆ. ಒಂದು ನೋಡುತ್ತದೆ, ಸರದಿಯಿಂದ ಏನನ್ನೂ ತೆಗೆಯುವುದಿಲ್ಲ, ಬೇಕಾದಾಗ ಕೊಲ್ಲಬಹುದು. ಇನ್ನೊಂದು ಆರ್ಡರುಗಳನ್ನು ಎತ್ತಿಡುತ್ತದೆ; ಅದರ ಹೆಸರಿನಲ್ಲೇ ‘ತೆಗೆ’ ಎಂಬ ಪದವಿದೆ, ಅದರ ಕೀಲಿ ಏಜೆಂಟಿನ ಬಳಿ ಇಲ್ಲ. ಹಾಗೆ ಮಾಡಿದ ಮೇಲೆ ನನ್ನ ಕೈಪಿಡಿಯ ಒಂದೂವರೆ ಪುಟ ಎಚ್ಚರಿಕೆಗಳನ್ನು ಅಳಿಸಬಹುದಾಯಿತು. ಎಚ್ಚರಿಕೆ ಉದ್ದವಾದಷ್ಟೂ ಸಾಧನದಲ್ಲೇ ಏನೋ ಐಬಿದೆ ಎಂದು ಈಗ ಅನುಮಾನಪಡುತ್ತೇನೆ. 2019ರಲ್ಲೇ ಇದನ್ನು ಮಾಡಬಹುದಿತ್ತು, ಎರಡು ದಿನದ ಕೆಲಸ.

ಈ ನಡುವೆ ನನ್ನ ವಯಸ್ಸಿನ ಸಹೋದ್ಯೋಗಿಯೊಬ್ಬರು ಚಹಾದ ಹೊತ್ತಿಗೆ, ‘ಎಲ್ಲ ಬರೆದುಕೊಟ್ಟರೆ ನಾಳೆ ನಿನ್ನನ್ನು ಯಾಕೆ ಇಟ್ಟುಕೊಳ್ಳುತ್ತಾರೆ?’ ಎಂದರು. ತಮಾಷೆಯಲ್ಲ ಅದು. ನನಗೂ ಮನೆ ಸಾಲವಿದೆ. ಹನ್ನೆರಡು ವರ್ಷ ಈ ಊರಿನಲ್ಲಿ ನನ್ನ ಬೆಲೆ ಎಂದು ನಾನು ತಿಳಿದದ್ದು, ‘ಅದು ಅವನಿಗೊಬ್ಬನಿಗೇ ಗೊತ್ತು’ ಎಂಬ ಮಾತನ್ನು. ಬರೆಯುತ್ತ ಹೋದಂತೆ ಕಂಡದ್ದೇನೆಂದರೆ, ನನಗೊಬ್ಬನಿಗೇ ಗೊತ್ತಿದ್ದರಲ್ಲಿ ಅರ್ಧ ಜ್ಞಾನ, ಇನ್ನರ್ಧ ನಾನು ಸರಿಪಡಿಸದೆ ಬಿಟ್ಟ ಹೊಂಡಗಳ ಪಟ್ಟಿ. ಆ ಭಯ ಹೋಗಿದೆ ಎನ್ನಲಾರೆ. ಆದರೆ ಹೊಂಡ ಉಳಿಸಿಕೊಂಡು ಅದರ ಪಕ್ಕ ದಾರಿ ತೋರಿಸಲು ನಿಲ್ಲುವ ಕೆಲಸ ಎಷ್ಟು ದಿನ ನಡೆದೀತು?

ಕೈಪಿಡಿ ಮುಗಿದಾಗ, ಏಜೆಂಟಿಗೆ ಕೊಡುವ ಮೊದಲು ಓದಿ ನೋಡು ಎಂದು ಆ ಹುಡುಗಿಗೆ ಕಳಿಸಿದೆ. ಮರುದಿನ ಕ್ಯಾಂಟೀನಿನಲ್ಲಿ ಎದುರು ಬಂದು ಕೂತಳು.

‘ಅಣ್ಣಾರ, ಇದು ನಾ ಸೇರಿದಾಗ ಇತ್ತಂದ್ರ ಎಷ್ಟ್ ಚಲೋ ಇರ್ತಿತ್ತು.’

‘ಹೂಂ’ ಎಂದೆ.

‘ಎರಡ್ ವರ್ಷ ನಿಮ್ಮನ್ನ ಕೇಳೀನ್ರಿ. ಬರ್ತಾ ಬರ್ತಾ ಗೊತ್ತಾಗ್ತೈತಿ ಅಂತಿದ್ರಿ.’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಅವಳು ಕೇಳಿದ್ದು ನಿಜ, ನಾನು ಹಾಗೆ ಅಂದದ್ದೂ ನಿಜ. ನನಗೂ ನನ್ನ ಹಿರಿಯರು ಹಾಗೆಯೇ ಅಂದಿದ್ದರು. ಬರೆದುಕೊಡದೆ ನಡೆಯುತ್ತಿದ್ದದ್ದು ಏಕೆಂದರೆ, ಕೊರತೆಯನ್ನು ಹೊಸಬರು ತಮ್ಮ ನಿದ್ದೆಗೆಟ್ಟು ತುಂಬಿಕೊಳ್ಳುತ್ತಿದ್ದರು. ಬೇರೆ ಊರು, ಬೇರೆ ಭಾಷೆ, ಮತ್ತೆ ಮತ್ತೆ ಕೇಳಿದರೆ ದಡ್ಡರೆಂದಾರು ಎಂಬ ಅಂಜಿಕೆ. ಅದರ ಮೇಲೆ ನಮ್ಮ ವ್ಯವಸ್ಥೆ ನಿಂತಿತ್ತು. ಏಜೆಂಟಿಗೆ ಆ ಅಂಜಿಕೆ ಇಲ್ಲ. ಹೇಳದ್ದನ್ನು ಅದು ನಮಗಾಗಿ ಮುಚ್ಚಿಡಲಿಲ್ಲ, ಅಷ್ಟೇ. ಮನುಷ್ಯರಿಗೆ ಬರೆಯದ್ದನ್ನು ಯಂತ್ರಕ್ಕೆಂದು ಬರೆದೆ.

ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿ ಹೊರಬಂದದ್ದು 1971ರ ನವೆಂಬರ್ 3ರಂದು. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬರೆದದ್ದು. ಅದರಲ್ಲಿ ಆದೇಶಗಳ ವಿವರಣೆಯ ಕೊನೆಯ ಭಾಗದಲ್ಲಿ ‘ಬಗ್ಸ್’ ಎಂಬ ತಲೆಬರಹ ಇರುತ್ತಿತ್ತು. ನಾವು ಮಾಡಿದ ಈ ವಸ್ತುವಿನಲ್ಲಿ ಇಂಥ ಐಬುಗಳಿವೆ ಎಂದು ಮಾಡಿದವರೇ ಬರೆದಿಡುವ ಜಾಗ. ಮ್ಯಾನ್ ಪುಟಗಳಲ್ಲಿ ಆ ತಲೆಬರಹ ಇಂದಿಗೂ ಇದೆ. ನನ್ನ ಹದಿನಾಲ್ಕು ಕೈಪಿಡಿಗಳಿಗೂ ಅದನ್ನು ಸೇರಿಸಿದೆ.

‘ಕ್ಯೂ-ಚೆಕ್’ ಈಗ ಬಳಕೆಯಲ್ಲಿಲ್ಲ. ಆದರೂ ಅದರ ಪುಟವನ್ನು ಅಳಿಸಿಲ್ಲ. ಐಬುಗಳು ಎಂಬಲ್ಲಿ ಆ ಶುಕ್ರವಾರದ ತಾರೀಖು, 212 ಎಂಬ ಸಂಖ್ಯೆ, ನಡೆದದ್ದರ ಐದು ಸಾಲು ಇವೆ. ಕಾರಣ ಎಂಬಲ್ಲಿ, ತೆಗೆಯುವ ಸಾಧನಕ್ಕೆ ನೋಡುವ ಹೆಸರಿಟ್ಟದ್ದು ಮತ್ತು ವಿವರಣೆ ಬರೆಯದೇ ಇದ್ದದ್ದು ಎಂದಿದೆ. ಅದರ ಮುಂದೆ ನನ್ನ ಹೆಸರಿದೆ. ಹಳೆಯ ವರದಿಯನ್ನೂ ಹಾಗೆಯೇ ತಿದ್ದಿಸಿ, ಸೋಮವಾರದ ಅದೇ ಮೀಟಿಂಗಿನಲ್ಲಿ, ಮೈಕು ತೆರೆದು ಓದಿದೆ. ಏಳು ವಾರ ತಡವಾಗಿತ್ತು.

ಮೊನ್ನೆ ಅವಳು ಕೈಪಿಡಿಯಲ್ಲಿ ಒಂದು ತಪ್ಪು ಹಿಡಿದಳು. ಒಂಬತ್ತನೇ ಸಾಧನ ‘ನೋಡುತ್ತದೆ, ಮುಟ್ಟುವುದಿಲ್ಲ’ ಎಂದು ಬರೆದಿದ್ದೆ. ಅದು ಓಡಿದಾಗೆಲ್ಲ ಡಿಸ್ಕಿನಲ್ಲಿ ಒಂದು ಕಡತ ಬಿಟ್ಟುಹೋಗುತ್ತದಂತೆ, ತಿಂಗಳಿಗೆ ಡಿಸ್ಕು ತುಂಬೀತು. ನನಗೆ ಹೇಳುವ ಮೊದಲೇ ಪುಟವನ್ನು ತಿದ್ದಿ, ಐಬುಗಳು ಎಂಬಲ್ಲಿ ಸೇರಿಸಿ, ಒಪ್ಪಿಗೆಗೆ ಕಳಿಸಿದ್ದಳು. ಅಪ್ಪನಿಗೆ ಹೇಳಿದೆ. ‘ಎಲ್‌ಸಿ ತಗೊಂಡವ್ರ ವಾಪಸ್ ಕೊಡಬೇಕು, ನೆನಪೈತಲ್ಲ?’ ಎಂದು ಅವರು ಮತ್ತೆ ಕೇಳಿದರು.